ಬಾಚಣಿಗೆ ಗೆರೆಗಳಿಗೆ ಹೆದರಿ ಅರ್ಧ ಚಲನೆಯನ್ನು ಕಳೆದುಕೊಳ್ಳಬೇಕೆ?

ಮನೆಯಲ್ಲಿರುವ ಹಳೆಯ ವಿಡಿಯೊ ಕ್ಯಾಸೆಟ್‌ಗಳನ್ನು ಡಿವಿಡಿಗೆ ಇಳಿಸಲು ನೀವು ಪ್ರಯತ್ನಿಸಿದ್ದರೆ ಒಂದು ವಿಚಿತ್ರವನ್ನು ಗಮನಿಸಿರಬಹುದು. ಟಿವಿಯಲ್ಲಿ ಚೆನ್ನಾಗಿಯೇ ಕಾಣುತ್ತಿದ್ದ ದೃಶ್ಯವನ್ನು ಕಂಪ್ಯೂಟರ್‌ನಲ್ಲಿ ನಿಲ್ಲಿಸಿ ನೋಡಿದರೆ, ಓಡುವ ಮಗುವಿನ ಅಂಚಿನಲ್ಲಿ ಬಾಚಣಿಗೆಯ ಹಲ್ಲುಗಳಂಥ ಗೆರೆಗಳು! ಇದನ್ನು ದೋಷವೆಂದು ತಿಳಿದು, ತಂತ್ರಾಂಶದಲ್ಲಿರುವ ‘ಡೀಇಂಟರ್‌ಲೇಸ್’ ಎಂಬ ಚೌಕಕ್ಕೆ ಗುರುತು ಹಾಕಿಬಿಡುವುದು ರೂಢಿ. ಸಲಹೆ ಕೊಡುವವರೂ ಹೆಚ್ಚಾಗಿ ಇದನ್ನೇ ಹೇಳುತ್ತಾರೆ. ಡಿವಿಡಿಯ ಮಟ್ಟಿಗೆ ಈ ಸಲಹೆ ತಪ್ಪು. ಏಕೆಂದು ನೋಡೋಣ.

ಭಾರತದಲ್ಲಿ ಬಳಕೆಗೆ ಬಂದ ಪಾಲ್ ಪದ್ಧತಿಯಲ್ಲಿ ಸೆಕೆಂಡಿಗೆ 25 ಫ್ರೇಮ್‌ಗಳು. ಪ್ರತಿ ಫ್ರೇಮ್‌ನ 625 ಸಾಲುಗಳಲ್ಲಿ ಚಿತ್ರವನ್ನು ಹೊತ್ತವು 576. ಆದರೆ ಇವೆಲ್ಲ ಒಂದೇ ಕ್ಷಣದಲ್ಲಿ ಸೆರೆಯಾದವಲ್ಲ. ಒಮ್ಮೆ ಬೆಸ ಸಾಲುಗಳು, 1/50 ಸೆಕೆಂಡಿನ ನಂತರ ಸಮ ಸಾಲುಗಳು ದಾಖಲಾಗುತ್ತವೆ. 288 ಸಾಲುಗಳ ಈ ಅರ್ಧಚಿತ್ರಕ್ಕೆ ‘ಫೀಲ್ಡ್’ ಎಂದು ಹೆಸರು. ಸೆಕೆಂಡಿಗೆ 25 ಬಾರಿ ಮಾತ್ರ ಬೆಳಗುವ ಪರದೆ ಕಣ್ಣಿಗೆ ಮಿನುಗಿದಂತೆ ಕಾಣುತ್ತದೆ. 50 ಪೂರ್ಣ ಚಿತ್ರಗಳನ್ನು ಕಳಿಸಬೇಕಾದರೆ ಎರಡರಷ್ಟು ಬ್ಯಾಂಡ್‌ವಿಡ್ತ್ ಬೇಕು. ಇವೆರಡರ ನಡುವಿನ ಜಾಣ ರಾಜಿಯೇ ಇಂಟರ್‌ಲೇಸಿಂಗ್.

ಈಗ ಒಂದು ಸಣ್ಣ ಲೆಕ್ಕ. 720 ಬಿಂದುಗಳಷ್ಟು ಅಗಲದ ಚಿತ್ರವನ್ನು ಒಂದು ಸೈಕಲ್ 2 ಸೆಕೆಂಡಿನಲ್ಲಿ ದಾಟುತ್ತದೆ ಎನ್ನೋಣ. ಅದರ ವೇಗ ಸೆಕೆಂಡಿಗೆ 360 ಬಿಂದು. ಒಂದು ಫೀಲ್ಡಿನಿಂದ ಇನ್ನೊಂದಕ್ಕೆ ಅದು ಸರಿಯುವುದು 7.2 ಬಿಂದು. ಎರಡು ಫೀಲ್ಡ್‌ಗಳನ್ನು ಹೆಣೆದು ನಿಶ್ಚಲ ಚಿತ್ರವಾಗಿ ತೋರಿಸಿದಾಗ ಹಲ್ಲಿನ ಉದ್ದವೂ ಅಷ್ಟೇ. ಅಂದರೆ ಬಾಚಣಿಗೆ ಗೆರೆ ಕ್ಯಾಸೆಟ್ಟಿನ ದೋಷವಲ್ಲ, ಎರಡು ಬೇರೆ ಕ್ಷಣಗಳನ್ನು ಒಂದಾಗಿ ತೋರಿಸಿದುದರ ಫಲ.

ಡೀಇಂಟರ್‌ಲೇಸ್ ಮಾಡುವ ಸರಳ ತಂತ್ರಾಂಶಗಳು ಏನು ಮಾಡುತ್ತವೆ? ಕೆಲವು ಒಂದು ಫೀಲ್ಡನ್ನೇ ಬಿಸಾಡಿ ಖಾಲಿ ಸಾಲುಗಳನ್ನು ಊಹಿಸಿ ತುಂಬುತ್ತವೆ. ಕೆಲವು ಎರಡನ್ನೂ ಕಲಸಿ ಸರಾಸರಿ ತೆಗೆಯುತ್ತವೆ. ಆಗ ಓಡುವ ಮಗುವಿಗೆ ನೆರಳು ಅಂಟಿಕೊಳ್ಳುತ್ತದೆ. ಎರಡರಲ್ಲಿಯೂ ಸೆಕೆಂಡಿಗೆ 50 ಇದ್ದ ಕ್ಷಣಗಳು 25ಕ್ಕೆ ಇಳಿಯುತ್ತವೆ. ಅಧ್ಯಾಪಕರು ಇದನ್ನು ಪ್ರಯೋಗದಿಂದಲೇ ತೋರಿಸಬಹುದು. ಸುಮಾರು 1.2 ಮೀಟರ್ ಎತ್ತರದಿಂದ ಬಿಟ್ಟ ಚೆಂಡು ನೆಲ ಮುಟ್ಟಲು ಅರ್ಧ ಸೆಕೆಂಡು ಬೇಕು. ಮೂಲ ವಿಡಿಯೊದಲ್ಲಿ ಅದರ ಸುಮಾರು 25 ಸ್ಥಾನಗಳು ಸಿಗುತ್ತವೆ, ಡೀಇಂಟರ್‌ಲೇಸ್ ಆದ ಪ್ರತಿಯಲ್ಲಿ 12 ಮಾತ್ರ. ಯಕ್ಷಗಾನದ ಧೀಂಗಿಣದಂಥ ವೇಗದ ಚಲನೆಯನ್ನು ಚಿತ್ರಿಸಿದ ಕ್ಯಾಸೆಟ್ಟಿನಲ್ಲಿ ಈ ನಷ್ಟ ಬರಿಗಣ್ಣಿಗೇ ತಿಳಿಯುತ್ತದೆ.

ಈ ನಷ್ಟ ಅನಗತ್ಯವೂ ಹೌದು. ಡಿವಿಡಿ-ವಿಡಿಯೊ ಬಳಸುವ ಎಂಪೆಗ್-2 ಸಂಕೇತನ 720x576 ಅಳತೆಯ ಇಂಟರ್‌ಲೇಸ್ ಚಿತ್ರವನ್ನು ಇದ್ದ ಹಾಗೆಯೇ ಸ್ವೀಕರಿಸುತ್ತದೆ. ಹಳೆಯ ಚಿತ್ರನಳಿಕೆಯ ಟಿವಿ ಫೀಲ್ಡ್‌ಗಳನ್ನು ಒಂದಾದ ಮೇಲೊಂದು ಹಾಗೆಯೇ ಬಿಡಿಸುತ್ತಿತ್ತು. ಇಂದಿನ ಚಪ್ಪಟೆ ಟಿವಿಗಳು ಇಂಟರ್‌ಲೇಸ್ ಸಂಕೇತ ಬಂದಾಗ ಪರದೆಗೆ ತಕ್ಕಂತೆ ತಾವೇ ಪರಿವರ್ತಿಸಿಕೊಳ್ಳುತ್ತವೆ. ಹಾಗಿರುವಾಗ ಡಿಸ್ಕಿನಲ್ಲೇ ಮಾಹಿತಿಯನ್ನು ಅಳಿಸುವುದರಲ್ಲಿ ಅರ್ಥವಿಲ್ಲ.

ಕಂಪ್ಯೂಟರ್, ಮೊಬೈಲ್‌ಗಳಲ್ಲಿ ನೋಡುವವರು ಏನು ಮಾಡಬೇಕು ಎಂದು ನೀವು ಕೇಳಬಹುದು. ಪ್ರಶ್ನೆ ನ್ಯಾಯವಾದುದೇ. ಅವರಿಗಾಗಿ ಪ್ರತಿ ಫೀಲ್ಡನ್ನೂ ಒಂದು ಪೂರ್ಣ ಚಿತ್ರವಾಗಿ ಬೆಳೆಸಿ, ಸೆಕೆಂಡಿಗೆ 50 ಚಿತ್ರಗಳ ಬೇರೆ ಕಡತ ಮಾಡಿಕೊಳ್ಳಿ. ಇದಕ್ಕೆ ‘ಬಾಬ್’ ವಿಧಾನ ಎನ್ನುತ್ತಾರೆ. ಯಾಡಿಫ್, ಕ್ಯುಟಿಜಿಎಂಸಿಯಂಥ ಸೋಸಕಗಳು ಅಕ್ಕಪಕ್ಕದ ಸಾಲುಗಳ ಜೊತೆಗೆ ಹಿಂದುಮುಂದಿನ ಫೀಲ್ಡ್‌ಗಳನ್ನೂ ನೋಡಿ ಖಾಲಿ ಸಾಲುಗಳನ್ನು ತುಂಬುತ್ತವೆ. ಆದರೆ ಡಿವಿಡಿ-ವಿಡಿಯೊ ನಿಯಮದಲ್ಲಿ ಸೆಕೆಂಡಿಗೆ 50 ಪೂರ್ಣ ಚಿತ್ರಗಳಿಗೆ ಜಾಗವಿಲ್ಲ.

ಫೀಲ್ಡ್‌ಗಳನ್ನು ಉಳಿಸಿಕೊಂಡರೆ ಸಾಲದು, ಮೂರು ಎಚ್ಚರಿಕೆಗಳೂ ಬೇಕು.

ಮೊದಲನೆಯದು ಫೀಲ್ಡ್‌ಗಳ ಕ್ರಮ. ಡಿವಿ ಕ್ಯಾಮೆರಾಗಳಲ್ಲಿ ಕೆಳಗಿನ ಫೀಲ್ಡ್ ಮೊದಲು. ಹಲವು ಅನಲಾಗ್ ಕ್ಯಾಪ್ಚರ್ ಕಾರ್ಡ್‌ಗಳಲ್ಲಿ ಮೇಲಿನದು ಮೊದಲು. ತಪ್ಪು ಕ್ರಮ ಕೊಟ್ಟರೆ ಕ್ಷಣಗಳು 2, 1, 4, 3 ಎಂದು ಬಂದು ಚಲಿಸುವ ವಸ್ತುಗಳು ನಡುಗುತ್ತವೆ. ಕಂಪ್ಯೂಟರ್ ಪರದೆಯಲ್ಲಿ ಈ ತಪ್ಪು ಎಷ್ಟೋ ಸಲ ಕಾಣುವುದೇ ಇಲ್ಲ. ಆದ್ದರಿಂದ ಒಂದು ನಿಮಿಷದ ತುಣುಕನ್ನು ಡಿಸ್ಕಿಗೆ ಬರೆದು ಟಿವಿಯಲ್ಲಿ ಪರೀಕ್ಷಿಸಿ.

ಎರಡನೆಯದು ಅಳತೆ. ಇಂಟರ್‌ಲೇಸ್ ಚಿತ್ರದ ಎತ್ತರವನ್ನು ನೇರವಾಗಿ ಕುಗ್ಗಿಸಿದರೆ ಅಥವಾ ಹಿಗ್ಗಿಸಿದರೆ ಬೆಸ, ಸಮ ಸಾಲುಗಳು ಬೆರೆತುಹೋಗುತ್ತವೆ. ಮುಂದೆ ಯಾವ ತಂತ್ರಾಂಶವೂ ಅವನ್ನು ಚೊಕ್ಕವಾಗಿ ಬೇರ್ಪಡಿಸಲಾರದು. ಎತ್ತರವನ್ನು 576ರಲ್ಲೇ ಇಡಿ.

ಮೂರನೆಯದು ಬಿಟ್‌ದರ. 4.7 ಗಿಗಾಬೈಟ್ ಎಂದರೆ 37.6 ಗಿಗಾಬಿಟ್. ಎರಡು ಗಂಟೆಯ ವಿಡಿಯೊ ತುಂಬಿದರೆ ಸೆಕೆಂಡಿಗೆ ಧ್ವನಿಯೂ ಸೇರಿ 5.2 ಮೆಗಾಬಿಟ್ ಮಾತ್ರ ದಕ್ಕುತ್ತದೆ. ಕೈ ಅಲುಗಾಡಿ ತೆಗೆದ, ಕಾಳು ಕಾಳಾದ ಮನೆಯ ವಿಡಿಯೊಗೆ ಇದು ಕಡಿಮೆಯೇ. ಒಂದು ಡಿಸ್ಕಿಗೆ ಒಂದು ಗಂಟೆಯಷ್ಟೇ ಹಾಕಿದರೆ ಸುಮಾರು 8 ಮೆಗಾಬಿಟ್ ದರವನ್ನು ನೆಮ್ಮದಿಯಾಗಿ ಕೊಡಬಹುದು.

ಕ್ಯಾಸೆಟ್ಟಿನ ಕಾಂತೀಯ ಲೇಪ ವರ್ಷದಿಂದ ವರ್ಷಕ್ಕೆ ಸವೆಯುತ್ತಿದೆ, ಅದನ್ನು ಓಡಿಸುವ ಯಂತ್ರಗಳೂ ಅಪರೂಪವಾಗುತ್ತಿವೆ. ಬಹುಪಾಲು ಮನೆಗಳಲ್ಲಿ ಈ ಪರಿವರ್ತನೆ ಒಮ್ಮೆಯೇ ನಡೆಯುವ ಕೆಲಸ. ಡೀಇಂಟರ್‌ಲೇಸ್ ಮಾಡುವ ವಿಧಾನಗಳು ಇನ್ನೂ ಸುಧಾರಿಸಬಹುದು, ಆದರೆ ಬಿಸಾಡಿದ ಫೀಲ್ಡನ್ನು ಯಾವ ವಿಧಾನವೂ ಮರಳಿ ತರಲಾರದು. ಆದ್ದರಿಂದ ಕ್ಯಾಸೆಟ್ಟಿನಿಂದ ಬಂದ ಕಡತವನ್ನು ಫೀಲ್ಡ್‌ಗಳ ಸಮೇತ ಹಾಗೆಯೇ ತೆಗೆದಿಡಿ. ಪರದೆಗೆ ತಕ್ಕ ಮಾರ್ಪಾಡುಗಳೆಲ್ಲ ಅದರ ಪ್ರತಿಯ ಮೇಲೆ ನಡೆಯಲಿ.