ಹುಲಿಗೊಂದಕ್ಕೆ ಐದು ಕುರಿ

ಹುಲಿ-ಕುರಿ ಆಟದ ಮನೆಗಳನ್ನು ಬರೆಯುವುದನ್ನು ನೋಡುವುದೇ ಒಂದು ಸುಖ. ನಮ್ಮ ಕಡೆಯ ಮಸರಕಲ್ಲಿನಂಥ ಊರಿನಲ್ಲಿ ಅದಕ್ಕೆ ಬೇಕಾದದ್ದು ಒಂದು ಸಪಾಟು ಚಪ್ಪಡಿ, ಒಂದು ಇದ್ದಿಲ ಚೂರು. ಮೊದಲು ಮೇಲೊಂದು ಚುಕ್ಕಿ. ಅಲ್ಲಿಂದ ಕೆಳಕ್ಕೆ ಬೀಸಣಿಗೆಯ ಕಡ್ಡಿಗಳಂತೆ ನಾಲ್ಕು ಗೆರೆ. ಅವನ್ನು ದಾಟಿ ಎರಡೂ ಬದಿಗೆ ಚಾಚುವ ಮೂರು ಅಡ್ಡಗೆರೆ. ಚಾಚಿದ ತುದಿಗಳನ್ನು ಕೂಡಿಸಲು ಎಡಕ್ಕೊಂದು, ಬಲಕ್ಕೊಂದು ನಿಲುಗೆರೆ. ಕಡೆಗೆ ಬುಡದಲ್ಲಿ ನಾಲ್ಕೂ ಗೆರೆಗಳನ್ನು ಹಿಡಿದು ನಿಲ್ಲಿಸುವ ಒಂದು ಗೆರೆ. ತುದಿಯಲ್ಲಿ 1, ಅಡ್ಡಗೆರೆಗಳ ಮೇಲೆ ಆರಾರರಂತೆ 18, ಬುಡದಲ್ಲಿ 4: ಒಟ್ಟು 23 ಮನೆ. ಹುಲಿಗೆ ಮೂರು ದಪ್ಪ ಕಲ್ಲು, ಕುರಿಗೆ ಹದಿನೈದು ಹುಣಸೆ ಬೀಜ. ಆಟ ಶುರು.

ಕುರಿಯವನು ಒಂದೊಂದೇ ಬೀಜ ಇಡುತ್ತಾ ಹೋಗುತ್ತಾನೆ. ಹದಿನೈದೂ ಇಟ್ಟು ಮುಗಿಯುವ ತನಕ ಯಾವ ಕುರಿಯೂ ಜರುಗುವಂತಿಲ್ಲ. ಹುಲಿ ಮಾತ್ರ ಮೊದಲಿನಿಂದಲೇ ಓಡಾಡುತ್ತದೆ. ಪಕ್ಕದಲ್ಲಿ ಕುರಿಯಿದ್ದು, ಅದೇ ಗೆರೆಯಲ್ಲಿ ಅದರಾಚೆಯ ಮನೆ ಖಾಲಿಯಿದ್ದರೆ ಜಿಗಿದು ತಿನ್ನುತ್ತದೆ. ಕುರಿಗೆ ತಿನ್ನುವ ಶಕ್ತಿಯೇ ಇಲ್ಲ. ಅದರ ಗೆಲುವೆಂದರೆ ಹುಲಿಗಳು ಅಲುಗಾಡದಂತೆ ಸುತ್ತುಗಟ್ಟುವುದು. ಒಂದೇ ಆಟದಲ್ಲಿ ಹೀಗೆ ಎರಡು ಜಾತಿಯ ಕಾಯಿ, ಎರಡು ಬಗೆಯ ಬಲ, ಎರಡು ಬಗೆಯ ಗೆಲುವು. ಆದರೂ ಪಂದ್ಯ ಸಮಬಲದ್ದು. ಈ ಸಮತೋಲ ಎಲ್ಲಿಂದ ಬಂತು?

ಗೆರೆಗಳಿಂದ. ಬೆರಳಿಟ್ಟು ನೋಡಿ. ಅಡ್ಡಗೆರೆಗಳ ಚೌಕದ ನಾಲ್ಕು ಮೂಲೆ, ಬುಡದ ಎರಡು ಮೂಲೆ, ಮೇಲಿನ ತುದಿ: ಈ ಏಳು ಮನೆಗಳಲ್ಲಿ ಗೆರೆಗಳೆಲ್ಲ ಬಂದು ಮುಗಿಯುತ್ತವೆ, ಆಚೆಗೆ ಮನೆಯೇ ಇಲ್ಲ. ಹಾಗಾಗಿ ಅಲ್ಲಿ ಕೂತ ಕುರಿಯನ್ನು ಯಾವ ಹುಲಿಯೂ ತಿನ್ನಲಾರದು. ಈಗ ಅದೇ ಮೂಲೆಯಲ್ಲಿ ಹುಲಿಯನ್ನು ಕೂರಿಸಿ ನೋಡಿ. ಹೊರಬರಲು ಎರಡೇ ದಾರಿ. ಪ್ರತಿ ದಾರಿಗೂ ಒಂದರ ಬೆನ್ನಿಗೊಂದರಂತೆ ಎರಡು ಕುರಿ ನಿಂತರೆ ಮುಗಿಯಿತು. ನಾಲ್ಕು ಕುರಿಗೆ ಒಂದು ಹುಲಿ ಬಂದಿ. ಕುರಿಗೆ ಆಸರೆಯಾದ ಮೂಲೆಯೇ ಹುಲಿಗೆ ಬೋನು. ತುದಿಯ ಮನೆ ಮಾತ್ರ ಬೇರೆ. ಅಲ್ಲಿಂದ ನಾಲ್ಕು ದಾರಿ ಇಳಿಯುವುದರಿಂದ ಅಲ್ಲಿನ ಹುಲಿಯನ್ನು ಕಟ್ಟಲು ಎಂಟು ಕಾಯಿ ಬೇಕು. ಆ ಎಂಟರಲ್ಲಿ ಅದರ ಜೊತೆಯ ಹುಲಿಯೇ ಒಂದಾಗಿ ಅಡ್ಡ ನಿಂತುಬಿಡುವುದೂ ಉಂಟು, ಏಕೆಂದರೆ ಹುಲಿ ಹುಲಿಯನ್ನು ಜಿಗಿಯುವಂತಿಲ್ಲ. ಬಲಶಾಲಿಗಳು ಮೂವರೂ ಮೇಲೆಯೇ ಗುಂಪಾಗಿ ಕೂತರೆ ಒಬ್ಬರಿಗೊಬ್ಬರು ಗೋಡೆ. ಈ ಆಟದಲ್ಲಿ ನನಗೆ ಬಹಳ ಹಿಡಿಸಿದ ಜಾಣ್ಮೆ ಇದು.

ಆಡುವವರ ಬಾಯಲ್ಲಿ ಇದೆಲ್ಲ ಎರಡು ಮಾತಿನಲ್ಲಿ ಮುಗಿಯುತ್ತದೆ. "ತಮ್ಮಾ, ಮೊದಲ ಮೂಲಿ ಹಿಡಿ. ನಡುವ ಇಟ್ರ ನುಂಗತೈತಿ." "ಎಲ್ಲಾ ಮೂಲಿಯಾಗ ಕುಂತ್ರ ಹುಲಿ ಕಟ್ಟೋರು ಯಾರು, ಕಾಕಾ?" ಕಾಕಾನ ಮಾತೂ ಸರಿ, ಹುಡುಗನ ಪ್ರಶ್ನೆಯೂ ಸರಿ. ಈ ಎರಡರ ನಡುವಿನ ಎಳೆದಾಟವೇ ಕುರಿಯ ಆಟ.

ನಮ್ಮ ಕಡೆಯಿಂದ ತೆಲಂಗಾಣದ ಗಡಿ ದಾಟಿದರೆ ಇದು ಪುಲಿ-ಮೇಕ, ತಮಿಳರಲ್ಲಿ ಆಡು-ಪುಲಿ ಆಟ. ಹಂಪಿಯ ಮಂಟಪಗಳ ಹಾಸುಗಲ್ಲುಗಳ ಮೇಲೆ ಯಾರೋ ಕೂತು ಕೊರೆದ ಆಟದ ಮನೆಗಳು ಇಂದಿಗೂ ಇವೆ. ಊರು ಬದಲಾದಂತೆ ನಿಯಮವೂ ಅಷ್ಟಿಷ್ಟು ಬದಲು. ಹುಲಿ ಎಷ್ಟು ಕುರಿ ತಿಂದರೆ ಗೆದ್ದಂತೆ ಎಂಬುದರಲ್ಲಂತೂ ಕಟ್ಟೆಗೊಂದು ಕಾನೂನು. ಇವೆಲ್ಲ ಒಂದೇ ಆಟದ ಬೇರೆ ಬೇರೆ ಆವೃತ್ತಿಗಳು.

ಇವುಗಳ ಪಕ್ಕಕ್ಕೆ ನೇಪಾಳದ ಬಾಘ್‌ಚಾಲ್ ಇಟ್ಟು ನೋಡಿದರೆ ರಸ ಇನ್ನೂ ಏರುತ್ತದೆ. ಅಲ್ಲಿ ಐದಕ್ಕೈದರ ಚೌಕ, 25 ಮನೆ, ನಾಲ್ಕು ಮೂಲೆಗೆ ನಾಲ್ಕು ಹುಲಿ, 20 ಆಡು. ಲೆಕ್ಕ ಹಾಕಿ: ಇಲ್ಲಿ ಮೂರಕ್ಕೆ ಹದಿನೈದು, ಅಲ್ಲಿ ನಾಲ್ಕಕ್ಕೆ ಇಪ್ಪತ್ತು. ಎರಡೂ ಕಡೆ ಹುಲಿಗೊಂದಕ್ಕೆ ಐದು! ಆದರೆ ಆಡಲು ಕೂತರೆ ರುಚಿ ಒಂದೇ ಅಲ್ಲ. ನಮ್ಮಲ್ಲಿ ಒಂದೂ ಕುರಿ ಸಾಯದೆ ಕಾಯಿಗಳೆಲ್ಲ ಇಳಿದರೂ ಐದು ಮನೆ ಖಾಲಿ ಉಳಿಯುತ್ತವೆ. ಅಲ್ಲಿ ಉಳಿಯುವುದು ಒಂದೇ. ನಮ್ಮ ಕುರಿಗೆ ಏಳು ಆಸರೆ, ಅಲ್ಲಿನ ಆಡಿಗೆ ನಾಲ್ಕು ಮೂಲೆ ಅಷ್ಟೆ. ಮೂಲೆ ಸೇರಿದ ಹುಲಿಯನ್ನು ಕಟ್ಟಲು ನಮ್ಮಲ್ಲಿ ನಾಲ್ಕು ಕುರಿ ಸಾಕು. ಅಲ್ಲಿ ಕರ್ಣದ ಗೆರೆಯೂ ಇರುವುದರಿಂದ ಆರು ಬೇಕು. ಲಿಮ್ ಯೂ ಜಿನ್ ಮತ್ತು ಯೂರ್ಗ್ ನೀವರ್ಗೆಲ್ಟ್ ಎಂಬ ಇಬ್ಬರು ವಿದ್ವಾಂಸರು ಈ ಬಾಘ್‌ಚಾಲನ್ನು ಕಂಪ್ಯೂಟರಿಗೆ ಹಾಕಿ ಬಗೆಹರಿಸಿದ್ದಾರೆ: ಎರಡೂ ಕಡೆಯವರು ತಪ್ಪದೆ ಆಡಿದರೆ ಆಟ ಸಮ. ಕಾಗದ-ಪೆನ್ನು ಹಿಡಿಯದ ಜನ ಆಡುತ್ತಾಡುತ್ತಲೇ ತಿದ್ದಿದ ಆಟವೊಂದು ಇಷ್ಟು ನಿಖರವಾಗಿ ತೂಗುವುದನ್ನು ಕಂಡು ನನಗೆ ಮೈ ಜುಮ್ಮೆಂದಿತು.

ಬೇರೆ ಬೇರೆ ಬಲಗಳನ್ನು ತೂಗಿಸುವ ಇದೇ ಕಸರತ್ತನ್ನು ಪುಸ್ತಕ ಅಚ್ಚುಹಾಕಿ ಮಾಡಿದವರೂ ಇದ್ದಾರೆ. ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 1974ರಲ್ಲಿ ಹೊರತಂದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟದಲ್ಲಿ ಮೇಜಿನ ಸುತ್ತ ಕೂತವರು ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಕಥೆ ಕಟ್ಟುತ್ತಾ ಆಡುತ್ತಾರೆ. ಮೊದಲಿಗೆ ಇದ್ದದ್ದು ಮೂರೇ ವರ್ಗ: ಕಾದಾಳು, ಮಾಂತ್ರಿಕ, ಪುರೋಹಿತ. ಆರಂಭದಲ್ಲಿ ಮಾಂತ್ರಿಕನಿಗೆ ದಿನಕ್ಕೆ ಒಂದೇ ಮಂತ್ರ. ಎರಡನೇ ಮಟ್ಟಕ್ಕೆ ಏರಲು ಕಾದಾಳಿಗೆ 2000 ಅಂಕ ಸಾಕಾದರೆ ಅವನಿಗೆ 2500 ಬೇಕು. ಮುಂದೆ ದೊಡ್ಡ ಬಲ ಬರಲಿರುವವನಿಗೆ ದಾರಿ ಕಡಿದು. ಹುಲಿಗೆ ಗೆರೆ ಹಾಕಿದ ಬುದ್ಧಿಯೇ ಇಲ್ಲೂ ಕೆಲಸ ಮಾಡಿದೆ. 2000ದ ಮೂರನೇ ಆವೃತ್ತಿ ಎಲ್ಲರಿಗೂ ಒಂದೇ ಅಂಕಪಟ್ಟಿ ಕೊಟ್ಟಿತು. ಮೇಲಿನ ಮಟ್ಟಗಳಿಗೆ ಹೋದಂತೆ ಮಾಂತ್ರಿಕ ಮುಗಿಲು ಮುಟ್ಟಿದ, ಕಾದಾಳು ಕತ್ತಿ ಬೀಸುತ್ತಾ ಹಿಂದುಳಿದ. 2008ರ ನಾಲ್ಕನೆಯದು ಅದನ್ನು ಸರಿಪಡಿಸಲು ಎಲ್ಲ ವರ್ಗಕ್ಕೂ ಒಂದೇ ಚೌಕಟ್ಟು ಹಾಕಿತು: ಬೇಕೆಂದಾಗ ಬಳಸುವ ಪಟ್ಟು, ಕಾಳಗಕ್ಕೊಮ್ಮೆಯ ಪಟ್ಟು, ದಿನಕ್ಕೊಮ್ಮೆಯ ಪಟ್ಟು. ಕಾದಾಳಿಗೂ ಪ್ರತಿ ಸರದಿಯಲ್ಲಿ ಯೋಚಿಸಿ ಆಡುವಂಥದ್ದು ಸಿಕ್ಕಿತು. ಅದು ಸಣ್ಣ ಉಪಕಾರವಲ್ಲ. ಆದರೂ ಎಲ್ಲರ ನಡೆಯೂ ಒಂದೇ ಅಚ್ಚಿನದಾಯಿತೆಂದು ಹಲವರು ಬೇಸರಪಟ್ಟರು. 2014ರ ಐದನೆಯದು ವರ್ಗವರ್ಗಕ್ಕೂ ಬೇರೆ ಬೇರೆ ನಡೆಯನ್ನು ಮರಳಿ ತಂದಿತು.

ನನ್ನ ಮನಸ್ಸು ಒಲಿಯುವುದು ವ್ಯತ್ಯಾಸವನ್ನು ಉಳಿಸಿಕೊಂಡೇ ತೂಗಿಸುವ ಆಟಕ್ಕೆ. ಕುರಿಗೂ ಒಂದು ಜಿಗಿತ ಕೊಟ್ಟಿದ್ದರೆ ಲೆಕ್ಕ ಸುಲಭವಾಗುತ್ತಿತ್ತು, ಆಟ ಸಪ್ಪೆಯಾಗುತ್ತಿತ್ತು. ಹುಲಿಯಾಗಿ ಆಡುವಾಗಿನ ಅವಸರವೇ ಬೇರೆ, ಕುರಿಯಾಗಿ ಆಡುವಾಗಿನ ತಾಳ್ಮೆಯೇ ಬೇರೆ. ಹುಲಿಯವನು ಒಂದೊಂದು ನಡೆಗೂ ಬಾಯಿ ಚಪ್ಪರಿಸುತ್ತಾನೆ. ಕುರಿಯವನು ಬೀಜ ಹಿಡಿದ ಕೈಯನ್ನು ಮನೆಯ ಮೇಲೆ ತೂಗಾಡಿಸಿ, ಗೆರೆಯ ಆಚೆ ತುದಿಯವರೆಗೆ ಕಣ್ಣು ಹಾಯಿಸಿ, ಆಮೇಲೆ ಇಡುತ್ತಾನೆ. ಒಂದು ಕುರಿ ಹೋದಾಗ ಅವನಿಗೆ ಹೋದದ್ದು ಬರೀ ಕಾಯಿಯಲ್ಲ, ಅದರ ಬೆನ್ನಿಗಿದ್ದ ಇನ್ನೊಂದರ ಕಾವಲೂ ಹೋಯಿತು. ಅದಕ್ಕೇ ಆಡುವುದಾದರೆ ಎರಡು ಆಟ ಆಡಬೇಕು, ನಡುವೆ ಕಲ್ಲು-ಬೀಜ ಅದಲುಬದಲು ಮಾಡಿಕೊಂಡು. ನಾನು ಮೊದಲು ಕೇಳಿ ತೆಗೆದುಕೊಳ್ಳುವುದು ಬೀಜವನ್ನೇ.