ಮಂತ್ರದ ಬಾಕಿ ಯಾರ ಲೆಕ್ಕಕ್ಕೆ?

‘ಕನ್ನಡದಲ್ಲಿ ಫ್ಯಾಂಟಸಿ ಎಲ್ಲಿದೆ ಹೇಳಿ?’ ಪುಸ್ತಕ ಬಿಡುಗಡೆಯ ವೇದಿಕೆಗಳಲ್ಲಿ, ಮಕ್ಕಳಿಗೆ ಏನು ಓದಿಸಬೇಕೆಂಬ ಚರ್ಚೆಗಳಲ್ಲಿ ಈ ಮಾತು ಪ್ರಶ್ನೆಯಾಗಿ ಉಳಿದಿಲ್ಲ, ತೀರ್ಪಾಗಿಬಿಟ್ಟಿದೆ. ತೀರ್ಪಿನ ಉಳಿದರ್ಧವೂ ಎಲ್ಲರಿಗೂ ಬಾಯಿಪಾಠ. ನಮ್ಮ ಕಾದಂಬರಿ ಮಣ್ಣಿನ ವಾಸನೆಯದು, ವಾಸ್ತವದ್ದು. ಹುಡುಗ ಹುಡುಗಿಯರು ಮಾಯಾವಿದ್ಯೆಗೆ ಸಿಕ್ಕಿ ಪಡುವ ಪಾಡಿನ ಕಥೆ ಬೇಕಿದ್ದವರು ಇಂಗ್ಲಿಷಿನ ಕಪಾಟಿಗೆ ಹೋಗಲಿ. ಹೀಗೆ ಹೇಳುವವರಲ್ಲಿ ಅರ್ಧಕ್ಕರ್ಧ ಜನ ಗಿರೀಶ ಕಾರ್ನಾಡರ ‘ನಾಗಮಂಡಲ’ ನಾಟಕದ ಬಗ್ಗೆ ಸೆಮಿನಾರಿನಲ್ಲಿ ಪ್ರಬಂಧ ಮಂಡಿಸಿದವರೇ ಆಗಿರುತ್ತಾರೆ ಎಂಬುದು ತಮಾಷೆ. ಅದನ್ನು ‘ಜಾನಪದ’ ಎಂದೋ ‘ದೇಸಿ’ ಎಂದೋ ‘ಸ್ತ್ರೀವಾದಿ ಓದು’ ಎಂದೋ ಬೇರೆ ಕಡತದಲ್ಲಿಟ್ಟ ಮೇಲೆ ಫ್ಯಾಂಟಸಿಯ ಕಡತ ಖಾಲಿ ಕಂಡರೆ ಆಶ್ಚರ್ಯವೇನು?

ಮೊದಲು ಅಳತೆಗೋಲು ಯಾವುದೆಂದು ಗೊತ್ತಾಗಲಿ. ಈ ಬಗೆಯ ಕಥೆಯ ಯೋಗ್ಯತೆ ತಿಳಿಯುವುದು ಮಂತ್ರ ಹಾಕಿದ ಮಾರನೆಯ ಬೆಳಿಗ್ಗೆ, ಅದರ ಬೆಲೆ ಯಾರು ತೆರುತ್ತಾರೆ ಎಂಬುದರಲ್ಲಿ. ಉರ್ಸುಲಾ ಲೆ ಗ್ವಿನ್ 1968ರಲ್ಲಿ ಬರೆದ ‘ಎ ವಿಝರ್ಡ್ ಆಫ್ ಅರ್ಥ್‌ಸೀ’ಯಲ್ಲಿ ಗೆಡ್ ಎಂಬ ಹುಡುಗ ಜಂಬಕ್ಕೆ ಬಿದ್ದು ಸತ್ತವರನ್ನು ಕರೆಯಲು ಹೋಗಿ, ಒಂದು ನೆರಳನ್ನು ಲೋಕಕ್ಕೆ ಬಿಟ್ಟು, ಉಳಿದ ಪುಸ್ತಕದುದ್ದಕ್ಕೂ ಅದಕ್ಕೆ ಬೆಲೆ ತೆರುತ್ತಾನೆ. 1997ರಿಂದ 2007ರವರೆಗೆ ಏಳು ಸಂಪುಟಗಳಲ್ಲಿ ಬಂದ ಹ್ಯಾರಿ ಪಾಟರ್‌ನಲ್ಲಿ ದಂಡ ಬೀಸಿದರೆ ದೀಪ ಹತ್ತುತ್ತದೆ, ಬೀಗ ತೆರೆಯುತ್ತದೆ. ದಿನಬಳಕೆಯ ಮಂತ್ರಕ್ಕೆ ಅಲ್ಲಿ ಹೆಚ್ಚು ಖರ್ಚಿಲ್ಲ. ಈ ಗೋಲು ಹಿಡಿದು ಕನ್ನಡವನ್ನು ಅಳೆದರೆ ತಲೆತಗ್ಗಿಸುವ ಪ್ರಸಂಗವೇನೂ ಬರುವುದಿಲ್ಲ.

ಬೇರೆಲ್ಲ ಇರಲಿ, ಮೂರನೇ ಕ್ಲಾಸಿನ ಹುಡುಗನಿಗೂ ಗೊತ್ತಿರುವ ಕಿಂದರಿಜೋಗಿಯನ್ನೇ ನೋಡಿ. ಕಥೆ ಬ್ರೌನಿಂಗ್‌ನಿಂದ ಬಂದದ್ದು ನಿಜ. ಆದರೆ ಕುವೆಂಪು ಅದನ್ನು ತುಂಗೆಯ ದಡಕ್ಕೆ ತಂದು ಬೊಮ್ಮನಹಳ್ಳಿಯ ಲೆಕ್ಕಾಚಾರಕ್ಕೆ ಒಗ್ಗಿಸಿದರು. ಇಲಿ ಓಡಿಸಿದ ಕೂಲಿಯನ್ನು ದೊಡ್ಡವರು ಕೊಡಲಿಲ್ಲ, ಆ ಬಾಕಿಯನ್ನು ತೀರಿಸಿದ್ದು ಮಕ್ಕಳು. ಶಾಲಾ ವಾರ್ಷಿಕೋತ್ಸವದಲ್ಲಿ ಇಲಿಯ ಬಾಲ ಕಟ್ಟಿಕೊಂಡು ಕುಣಿಯುವ ಭರಾಟೆಯಲ್ಲಿ ಈ ಕ್ರೌರ್ಯ ಯಾರ ಕಣ್ಣಿಗೂ ಬೀಳುವುದಿಲ್ಲ.

ಇನ್ನು ‘ಚಂದಮಾಮ’. 1949ರಲ್ಲಿ ಕನ್ನಡಕ್ಕೆ ಬಂದ ಈ ಮದರಾಸಿನ ಪತ್ರಿಕೆ ಎರಡು ಮೂರು ತಲೆಮಾರುಗಳಿಗೆ ಮಾಂತ್ರಿಕರ ಧಾರಾವಾಹಿಗಳನ್ನು ಉಣಬಡಿಸಿತು. 1954ರಲ್ಲಿ ‘ತೋಕಚುಕ್ಕ’ದಿಂದ ಶುರುವಾಗಿ ಇಪ್ಪತ್ತಕ್ಕೂ ಹೆಚ್ಚು ವರ್ಷ ನಡೆದ ಆ ಹನ್ನೆರಡು ಧಾರಾವಾಹಿಗಳನ್ನು ತೆಲುಗಿನಲ್ಲಿ ಬರೆದವರು ದಾಸರಿ ಸುಬ್ರಹ್ಮಣ್ಯಂ. ಪತ್ರಿಕೆಯಲ್ಲಿ ಅವರ ಹೆಸರು ಅಚ್ಚಾಗುತ್ತಿರಲಿಲ್ಲ. ಕನ್ನಡದಲ್ಲಿ ಇಷ್ಟು ಕುತೂಹಲದಿಂದ ಓದಿಸಿಕೊಂಡೂ ಇಷ್ಟು ಅನಾಮಿಕರಾಗಿ ಉಳಿದ ಇನ್ನೊಬ್ಬ ಲೇಖಕರನ್ನು ನೆನೆಯುವುದು ಕಷ್ಟ. ಆದರೂ ದಾಸರಿಯವರ ವಿಷಯದಲ್ಲಿ ಒಂದು ತಕರಾರು ಇದೆ. ಅವರ ತರುಣರು ನರಭಕ್ಷಕರು, ಭೂತಗಳು, ಪಾಳು ಗುಡಿಗಳ ನಡುವೆ ಸಾಗಿ ಬಹುಪಾಲು ಹೋದ ಹಾಗೆಯೇ ವಾಪಸು ಬರುತ್ತಾರೆ. ಮಾಯೆ ಅವರ ಮೈಗೆ ಅಂಟುವುದಿಲ್ಲ.

ಮೈಗೆ ಅಂಟುವ ಮಾಯೆ ಬೇಕೆಂದರೆ ‘ಹೂವಾಗುವ ಹುಡುಗಿ’ಗೆ ಬರಬೇಕು. ಈ ಲೇಖನದ ಪಕ್ಷಪಾತ ಇಲ್ಲಿ ಬಹಿರಂಗವಾಗಿಯೇ ಇರಲಿ. ಎ.ಕೆ. ರಾಮಾನುಜನ್ ಕರ್ನಾಟಕದ ಹೆಂಗಸರ ಬಾಯಿಂದ ಸಂಗ್ರಹಿಸಿದ ಈ ಕಥೆಗಿಂತ ಕಟ್ಟುನಿಟ್ಟಾದ ಮಾಂತ್ರಿಕ ಕಥನ ಕನ್ನಡದಲ್ಲಿ ಇನ್ನೊಂದಿಲ್ಲ. ಕೂಲಿ ಮಾಡಿ ಸಾಕುವ ತಾಯಿ, ಇಬ್ಬರು ಹೆಣ್ಣುಮಕ್ಕಳು. ಮನೆಗೆ ನಾಲ್ಕು ಕಾಸು ಸಿಗಲೆಂದು ಕಿರಿಯವಳು ಹೂಮರವಾಗುತ್ತಾಳೆ. ಅದಕ್ಕೊಂದು ಕ್ರಮವಿದೆ. ಎರಡು ಕೊಡ ನೀರು, ಉಗುರು ತಾಗಿರಬಾರದು. ಒಂದು ಕೊಡ ಸುರಿದರೆ ಮರ, ಇನ್ನೊಂದು ಸುರಿದರೆ ಮತ್ತೆ ಹುಡುಗಿ. ಹೂವು ಬಿಡಿಸುವಾಗ ಎಲೆ ಹರಿಯಬಾರದು, ಕೊಂಬೆ ಮುರಿಯಬಾರದು. ಇಷ್ಟೇ ಸಂವಿಧಾನ. ಫ್ಯಾಂಟಸಿ ಬರೆಯುವವರಿಗೆ ಕಮ್ಮಟಗಳಲ್ಲಿ ದಿನಗಟ್ಟಲೆ ಹೇಳಿಕೊಡುವ ನಿಯಮ ಕಟ್ಟುವ ಕಲೆಯನ್ನು ಹೆಸರಿಲ್ಲದ ಅಜ್ಜಿಯರು ಎರಡು ಕೊಡದಲ್ಲಿ ಮುಗಿಸಿದ್ದಾರೆ.

ನಿಯಮ ಇದ್ದ ಮೇಲೆ ಮುರಿಯುವವರೂ ಇರಲೇಬೇಕು. ಗುಟ್ಟು ತಿಳಿದ ರಾಜಕುಮಾರ ಅವಳನ್ನು ಮದುವೆಯಾಗಿ, ಮೊದಲ ರಾತ್ರಿಗಳಲ್ಲಿ ಕೇಳುವುದು ಅದನ್ನೇ: ಮರವಾಗು. ಹೊಟ್ಟೆಪಾಡಿಗೆ ಮಾಡಿದ್ದನ್ನು ಈಗ ಗಂಡನ ಖುಷಿಗೆ ಮಾಡಬೇಕು. ಆಮೇಲೆ ನಾದಿನಿ ಗೆಳತಿಯರ ಮುಂದೆ ಮೆರೆಯಲು ಅವಳನ್ನು ತೋಪಿಗೆ ಕರೆದೊಯ್ಯುತ್ತಾಳೆ. ಹುಡುಗಿಯರು ಕೊಂಬೆ ಮುರಿದು, ಎಲೆ ಹರಿದು, ಮಳೆ ಬಂತೆಂದು ಎರಡನೇ ಕೊಡವನ್ನು ಹೇಗೋ ಚೆಲ್ಲಿ ಓಡಿಬಿಡುತ್ತಾರೆ. ಉಳಿದದ್ದು ಕೈಕಾಲಿಲ್ಲದ, ಮರವೂ ಅಲ್ಲದ ಹೆಣ್ಣೂ ಅಲ್ಲದ ಒಂದು ಮುದ್ದೆ. ಚರಂಡಿಯಲ್ಲಿ ಬಿದ್ದಿದ್ದ ಅವಳನ್ನು ಹತ್ತಿಯ ಬಂಡಿಯವನು ಎತ್ತಿಕೊಳ್ಳುತ್ತಾನೆ. ಗಮನಿಸಬೇಕಾದ್ದೇನೆಂದರೆ, ಹುಡುಗಿ ಯಾವ ತಪ್ಪನ್ನೂ ಮಾಡಿಲ್ಲ. ಗೆಡ್ ತನ್ನ ಸೊಕ್ಕಿಗೆ ತೆತ್ತ. ಇವಳು ತೆತ್ತದ್ದು ಬೇರೆಯವರ ಸೊಕ್ಕಿಗೆ.

ಕಥೆ ಅಲ್ಲಿಗೆ ನಿಂತಿದ್ದರೆ ಬರೀ ಗೋಳಾಗುತ್ತಿತ್ತು. ಕೊನೆಯಲ್ಲಿ ಅವಳನ್ನು ಸರಿಪಡಿಸುವುದು ವರವಲ್ಲ, ದೇವರಲ್ಲ, ಗಂಡನ ಮುತ್ತಂತೂ ಅಲ್ಲ. ಅವಳೇ ಹೇಳಿಕೊಟ್ಟ ಕ್ರಮದಲ್ಲಿ ಮತ್ತೆ ಮರ ಮಾಡಿ, ಮುರಿದ ಕೊಂಬೆಗಳನ್ನು ಒಂದೊಂದಾಗಿ ಜೋಡಿಸಿ ಕಟ್ಟಿ, ಆಮೇಲೆ ನೀರು ಹಾಕುವುದು. ಮಂತ್ರದಿಂದ ಆದ ಗಾಯವನ್ನು ಶುಶ್ರೂಷೆಯಿಂದ ವಾಸಿ ಮಾಡುವ ಈ ಕಲ್ಪನೆ ಎಷ್ಟು ಪ್ರೌಢ! ಇದನ್ನು ಬೇಗ ಗುರುತಿಸಿದ್ದು ಕನ್ನಡದ ಹೊರಗೆ. ಗಿರೀಶ ಕಾರ್ನಾಡರು 1992ರಲ್ಲಿ ‘ಚೆಲುವಿ’ ಎಂದು ಸಿನಿಮಾ ಮಾಡಿದರು, ಅದೂ ಹಿಂದಿಯಲ್ಲಿ. ರಾಮಾನುಜನ್ 1993ರಲ್ಲಿ ತೀರಿಕೊಂಡ ಮೇಲೆ 1997ರಲ್ಲಿ ಅವರ ಇಂಗ್ಲಿಷ್ ಸಂಕಲನ ಇದೇ ಕಥೆಯ ಹೆಸರಿನಲ್ಲಿ ಬಂತು. 2006ರಲ್ಲಿ ಜಾನ್ ಆಡಮ್ಸ್ ವಿಯೆನ್ನಾದಲ್ಲಿ ಇದನ್ನು ಎರಡು ಅಂಕದ ಆಪೆರಾ ಮಾಡಿದ.

ಈ ಕಥೆಯ ಎದುರು ‘ನಾಗಮಂಡಲ’ವನ್ನು ನಿಲ್ಲಿಸಿದರೆ, ಹೇಳಬಾರದೆಂದುಕೊಂಡರೂ ಹೇಳಬೇಕಾಗುತ್ತದೆ: ಕಾರ್ನಾಡರು ಲೆಕ್ಕ ತಪ್ಪಿಸಿದರು. 1988ರ ಈ ನಾಟಕದ ಬೀಜವೂ ರಾಮಾನುಜನ್ ಹೇಳಿದ ಕಥೆಗಳದ್ದೇ. ಹೊಸದಾಗಿ ಮದುವೆಯಾಗಿ ಬಂದ ರಾಣಿಯನ್ನು ಅಪ್ಪಣ್ಣ ಬೀಗ ಹಾಕಿ ಕೂಡಿಡುತ್ತಾನೆ. ಕುರುಡವ್ವ ಗಂಡನನ್ನು ಒಲಿಸಲು ಬೇರು ಕೊಡುತ್ತಾಳೆ. ಕುದಿಸಿದ ಸಾರು ರಕ್ತದ ಬಣ್ಣಕ್ಕೆ ತಿರುಗಿದ್ದನ್ನು ಕಂಡು ಹೆದರಿದ ರಾಣಿ ಅದನ್ನು ಹುತ್ತಕ್ಕೆ ಸುರಿಯುತ್ತಾಳೆ. ಅಲ್ಲಿಯವರೆಗೆ ರಂಗಭೂಮಿ ಕಂಡ ಅತ್ಯುತ್ತಮ ಮಾಂತ್ರಿಕ ದೃಶ್ಯ ಅದು. ಒಂದು ಹುಡುಗಿಯ ಭಯವೇ ಕಥೆಯನ್ನು ತಿರುಗಿಸುತ್ತದೆ. ಆದರೆ ಹಾವು ಹಿಡಿದು ಪ್ರಮಾಣ ಮಾಡುವ ಹೊತ್ತಿಗೆ ನಾಗ ಹೆಡೆ ಬಿಚ್ಚಿ ನೆರಳಾಗುತ್ತದೆ, ಊರು ಅವಳನ್ನು ದೇವಿ ಮಾಡಿಬಿಡುತ್ತದೆ. ಬೆಲೆ ಕೊಡಬೇಕಾದವಳ ಕೈಗೆ ನಾಟಕಕಾರರೇ ಬಹುಮಾನ ಕೊಟ್ಟಂತಾಯಿತು. ತೆತ್ತವರು ಯಾರು? ನಾಗ ಸತ್ತ. ಬೇರು ಕೊಟ್ಟ ಕುರುಡವ್ವ ಮಗ ಕಪ್ಪಣ್ಣನನ್ನು ಕಳೆದುಕೊಂಡು ಹುಚ್ಚಿಯಂತೆ ಅಲೆಯುತ್ತಾಳೆ. ನಾಟಕದ ನಿಜವಾದ ಬಾಕಿ ಆ ಮುದುಕಿಯ ತಲೆಯ ಮೇಲಿದೆ. 1997ರ ನಾಗಾಭರಣರ ಸಿನಿಮಾದ ಹಾಡುಗಳನ್ನು ಗುನುಗುವ ನಮಗೆ ಅವಳ ನೆನಪಿರುವುದು ಅಷ್ಟಕ್ಕಷ್ಟೇ.

ಅದೇ ಹಾವಿನ ಕಥೆಯ ಇನ್ನೊಂದು ಕವಲು ಹಿಡಿದ ಚಂದ್ರಶೇಖರ ಕಂಬಾರರು ಈ ವಿಷಯದಲ್ಲಿ ಹೆಚ್ಚು ನಿಷ್ಠುರರು. ‘ಸಿರಿಸಂಪಿಗೆ’ಯ ರಾಜಕುಮಾರ ತನ್ನ ಕನಸಿನ ಹೆಣ್ಣಿಗಾಗಿ ತನ್ನ ಮೈಯನ್ನೇ ಎರಡು ಸೀಳಾಗಿಸಿಕೊಳ್ಳುತ್ತಾನೆ. ಅರ್ಧದಿಂದ ಅವನು, ಇನ್ನರ್ಧದಿಂದ ಕಾಳಿಂಗ ಸರ್ಪ. ಕಾಳಿಂಗನನ್ನು ಕೊಂದವನು ತಾನೂ ಉಳಿಯುವುದಿಲ್ಲ. ಬೆಲೆ ಪೂರ್ತಿ ಸಂದಾಯ. ಈ ನಾಟಕಕ್ಕೆ 1991ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು, ಆದರೂ ಪ್ರಯೋಗಗಳ ಗದ್ದಲದಲ್ಲಿ ಗೆದ್ದದ್ದು ರಾಣಿಯೇ. ನಾಟಕದ ಆಚೆಗೂ ಕಂಬಾರರದ್ದು ಇದೇ ಹಟ. ‘ಚಕೋರಿ’ ಮಹಾಕಾವ್ಯದಿಂದ ‘ಶಿಖರಸೂರ್ಯ’ ಕಾದಂಬರಿಯವರೆಗೆ ಅವರನ್ನು ಕಾಡಿದ ಪ್ರಶ್ನೆ, ಗುರುವಿನಿಂದ ಪಡೆದ ಗುಪ್ತವಿದ್ಯೆ ಆಸೆಬುರುಕ ಶಿಷ್ಯನ ಕೈಗೆ ಹೋದರೆ ಏನಾಗುತ್ತದೆ ಎಂಬುದು. ‘ಕನ್ನಡದಲ್ಲಿ ಫ್ಯಾಂಟಸಿ ಕಾದಂಬರಿ ಇಲ್ಲ’ ಎನ್ನುವವರು ‘ಶಿಖರಸೂರ್ಯ’ವನ್ನು ಓದಿಲ್ಲ, ಅಥವಾ ಓದಿ ಅದನ್ನು ರಾಜಕೀಯ ರೂಪಕ ಎಂದು ಪಾಠ ಮಾಡಿ ಮುಗಿಸಿದ್ದಾರೆ.

ಇಲ್ಲಿಗೆ ಬಂದರೆ ಜಗಳ ಪುಸ್ತಕಗಳನ್ನು ದಾಟುತ್ತದೆ. ಬೆಂಗಳೂರಿನ ಮಾಗಡಿ ರೋಡಿನ ಟೋಲ್‌ಗೇಟ್ ಕಳೆದು ಕಾಮಾಕ್ಷಿಪಾಳ್ಯದ ಕಡೆ ಹೋದರೆ ಲೇತ್ ಮಷೀನು, ಪವರ್ ಪ್ರೆಸ್ಸು, ಪ್ಲೇಟಿಂಗ್ ಶೆಡ್ಡುಗಳ ಸಾಲು. ಎಂಬತ್ತರ ದಶಕದಲ್ಲಿ ಇಂಥ ಬಡಾವಣೆಗಳಿಗೆ ಓದು ಬರುತ್ತಿದ್ದದ್ದು ಸರ್ಕ್ಯುಲೇಟಿಂಗ್ ಲೈಬ್ರರಿಯಿಂದ. ಅಲ್ಲಿ ಕೈಯಿಂದ ಕೈಗೆ ಹೋಗಿ ರಟ್ಟು ಕಿತ್ತುಬರುತ್ತಿದ್ದ ಪುಸ್ತಕ ಯಂಡಮೂರಿ ವೀರೇಂದ್ರನಾಥರ ‘ತುಳಸಿದಳ’. ಆಸ್ತಿಗಾಗಿ ಒಂದು ಪುಟ್ಟ ಹುಡುಗಿಯ ಮೇಲೆ ಮಾಟ, ಕಾಶ್ಮೋರನ ಕಾಟ, ಒಂದು ಕಡೆ ಡಾಕ್ಟರು, ಇನ್ನೊಂದು ಕಡೆ ಮಾಂತ್ರಿಕ. 1985ರಲ್ಲಿ ವೇಮಗಲ್ ಜಗನ್ನಾಥರಾವ್ ಅದನ್ನು ಕನ್ನಡದಲ್ಲಿ ಸಿನಿಮಾ ಮಾಡಿದರು. ಗದ್ಯ ಜಾಳು, ಅನುವಾದದ ಅವಸರ ಎದ್ದು ಕಾಣುತ್ತದೆ, ಒಪ್ಪೋಣ. ಆದರೆ ಪೆಟ್ಟು ಬೀಳುವುದು ಏನೂ ಅರಿಯದ ಮಗುವಿನ ಮೈಗೆ ಎಂಬ ಒಂದು ವಿಷಯದಲ್ಲಿ ಅದು ಹೂವಾಗುವ ಹುಡುಗಿಯ ದೂರದ ನೆಂಟ. ನವ್ಯರಿಗೂ ಬಂಡಾಯದವರಿಗೂ ಜಗಳವಿದ್ದ ಕಾಲದಲ್ಲಿ ಇಬ್ಬರೂ ಒಮ್ಮತದಿಂದ ಮೂಗು ಮುರಿದ ಪುಸ್ತಕವಿದ್ದರೆ ಇದೇ ಇರಬೇಕು.

ಮೂಗು ಮುರಿಯಲು ಅವರಿಗೆ ಮರ್ಯಾದಸ್ಥ ಕಾರಣವಿತ್ತು. 1976ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿ ಎಚ್. ನರಸಿಂಹಯ್ಯನವರು ಪವಾಡಗಳ ತನಿಖೆಗೆ ಸಮಿತಿ ಮಾಡಿದ್ದ ನಾಡು ಇದು. 2017ರಲ್ಲಿ ಶಾಸನಸಭೆ ಒಪ್ಪಿ 2020ರಲ್ಲಿ ಜಾರಿಯಾದ ವಾಮಾಚಾರ ತಡೆ ಕಾಯ್ದೆಯೂ ಇಲ್ಲಿದೆ. ನಿಜವಾಗಿ ಮಾಟದ ಹೆಸರಿನಲ್ಲಿ ಹೆಂಗಸರನ್ನು ಬಡಿಯುವ ಊರಲ್ಲಿ ಮಾಟದ ಕಥೆ ಬರೆದವರನ್ನು ಅನುಮಾನಿಸುವುದು ಸಹಜ. ಎಚ್ಚೆನ್ ಅವರ ಕೆಲಸಕ್ಕೆ ಕೈಮುಗಿಯಬೇಕು. ಆದರೆ ಅವರ ಸಮಿತಿ ತನಿಖೆಗೆ ಹೊರಟದ್ದು ಬಾಬಾಗಳನ್ನು, ಅಜ್ಜಿಯರನ್ನಲ್ಲ. ವಿಮರ್ಶಕರು ಎರಡನ್ನೂ ಒಂದೇ ಗಂಟು ಕಟ್ಟಿದರು. ವಿಚಿತ್ರವೆಂದರೆ ಅದೇ ವಿಮರ್ಶಕರು ಮಾರ್ಕ್ವೆಜ್‌ನ ಹಾರುವ ಹುಡುಗಿಯನ್ನು ಕಂಡಾಗ ಮಾತ್ರ ವಿಚಾರವಾದವನ್ನು ಮನೆಯಲ್ಲೇ ಬಿಟ್ಟು ಬಂದರು. ಸ್ಪ್ಯಾನಿಷ್‌ನಿಂದ ಇಂಗ್ಲಿಷ್ ಮೂಲಕ ಬಂದ ಪವಾಡ ಸಾಹಿತ್ಯ, ತೆಲುಗಿನಿಂದ ಬಂದದ್ದು ಮೌಢ್ಯ, ಮಂಡ್ಯದ ಅಜ್ಜಿಯ ಬಾಯಿಂದ ಬಂದದ್ದು ಸಂಶೋಧನೆಯ ಸಾಮಗ್ರಿ!

ಹೀಗೆ ಹಂಚಿದ್ದರ ಫಲ ಈಗ ಕಾಣುತ್ತಿದೆ. ಹನ್ನೆರಡು ವರ್ಷದ ಓದುಗರು ಬಂದು ಕೇಳಿದರೆ ಕೊಡಲು ಜಾನಪದ ಸಂಕಲನದಲ್ಲಿ ಕೆಲವೇ ಪುಟಗಳ ಕಥೆಯಿದೆ, ದೊಡ್ಡವರಿಗೆ ಬರೆದ ಕಂಬಾರರ ಕಾದಂಬರಿಯಿದೆ, ನಡುವೆ ಜಾಗ ಬಿಟ್ಟಿದೆ. ಆ ಜಾಗಕ್ಕೆ ಲಂಡನ್ನಿನ ರೈಲು ನಿಲ್ದಾಣದಿಂದ ಹುಡುಗರನ್ನು ಕರೆತರಬೇಕಿಲ್ಲ. ಹತ್ತಿಯ ಬಂಡಿಯವನು ಚರಂಡಿಯಿಂದ ಆ ಹುಡುಗಿಯನ್ನು ಎತ್ತಿಕೊಂಡ ಕ್ಷಣದಿಂದ, ಮುರಿದ ಕೊಂಬೆಗೆ ಪಟ್ಟಿ ಕಟ್ಟುವವರೆಗಿನ ಅವಧಿಯನ್ನು ಅಜ್ಜಿಯರು ಕೆಲವೇ ವಾಕ್ಯಗಳಲ್ಲಿ ದಾಟಿದ್ದಾರೆ. ಮಾತಾಡದ, ನಡೆಯಲಾಗದ, ಎಲ್ಲವನ್ನೂ ನೋಡುತ್ತಿರುವ ಹುಡುಗಿ; ಅವಳನ್ನು ವಿಸ್ಮಯದ ವಸ್ತುವೆಂದು ಇಟ್ಟುಕೊಂಡ ಅರಮನೆ; ತೋಪಿನಿಂದ ಓಡಿಹೋಗಿ, ಆಮೇಲೆ ಮನೆಯಲ್ಲಿ ಏನೂ ಆಗದಂತೆ ಊಟಕ್ಕೆ ಕೂತ ನಾದಿನಿ. ಒಂದು ಕಾದಂಬರಿಗೆ ಇದು ಸಾಲದೆ?