ಹೆಬ್ಬೆಟ್ಟಿನ ಓದು

ನಮ್ಮ ವಿಮರ್ಶೆಯಲ್ಲಿ ಏಕಲವ್ಯನ ಹೆಬ್ಬೆರಳಿನಷ್ಟು ಸವೆದ ರೂಪಕ ಇನ್ನೊಂದಿಲ್ಲ. ಶಂಬೂಕನ ತಲೆಗೆ ಎರಡನೇ ಸ್ಥಾನ. ಕವಿಗೋಷ್ಠಿಯಲ್ಲಿ, ಅಧ್ಯಯನ ಶಿಬಿರದಲ್ಲಿ, ಎಂ.ಎ. ಉತ್ತರಪತ್ರಿಕೆಯಲ್ಲಿ ಆ ಬೆರಳು ಬೀಳುತ್ತಲೇ ಇದೆ. ನಾನೂ ಬರೆದವನೇ. ಆದರೆ ನಮ್ಮ ಮನೆಯಲ್ಲೇ ಹೋಗಿದ್ದ ಒಂದು ಹೆಬ್ಬೆರಳಿನ ಬಗ್ಗೆ ಒಂದು ಸಾಲೂ ಬರೆದಿರಲಿಲ್ಲ.

1994ರಲ್ಲಿ ನಮ್ಮ ಚಿಕ್ಕಪ್ಪ ಪೀಣ್ಯದ ಕಡೆ ಒಂದು ಶೆಡ್ಡಿನಲ್ಲಿ ಪವರ್ ಪ್ರೆಸ್ಸಿನ ಮೇಲೆ ಕೆಲಸಕ್ಕಿದ್ದ. ಎಂಟು ಜನ ಆಳು, ಇ.ಎಸ್.ಐ. ಇಲ್ಲ, ಹಾಜರಿ ಪುಸ್ತಕದಲ್ಲಿ ಹೆಸರೂ ಇಲ್ಲ. ಪೀಸು ಬೇಗ ಬೀಳಲಿ ಅಂತ ಮಾಲೀಕನೇ ಮೆಷಿನ್ನಿನ ಗಾರ್ಡು ಕಳಚಿಸಿದ್ದ. ಒಂದು ರಾತ್ರಿ ಪಾಳಿಯಲ್ಲಿ ಬಲಗೈ ಹೆಬ್ಬೆರಳು ಬುಡಸಮೇತ ಹೋಯಿತು. ಆಸ್ಪತ್ರೆ ಖರ್ಚು ಕೊಟ್ಟು, ಮೇಲೆ ಮೂರು ಸಾವಿರ ಕೈಗಿಟ್ಟು, ಮಾಲೀಕ ಒಂದು ಕಾಗದ ಬರೆಸಿದ: ಸ್ವಇಚ್ಛೆಯಿಂದ ಪಡೆದಿದ್ದೇನೆ, ಮುಂದೆ ತಕರಾರಿಲ್ಲ. ಓದು ಬರದ ಚಿಕ್ಕಪ್ಪನ ಹೆಬ್ಬೆಟ್ಟು ಒತ್ತಿಸಿಕೊಂಡರು. ಗಂಡಸರದು ಎಡಗೈಯದೇ ತಾನೆ ಒತ್ತಿಸುವುದು, ಅದು ಉಳಿದಿತ್ತು.

'ಯಜಮಾನ್ರು ಒಳ್ಳೇರು ಕಣ್ಲಾ. ನಂದೇ ತಪ್ಪು, ಕಣ್ ತೂಗ್ತಿತ್ತು' ಅಂತಿದ್ದ. ನಾವೂ ನಂಬಿದೆವು. ಗಾಯಗೊಂಡವನೇ ತಪ್ಪು ಹೊತ್ತುಕೊಳ್ಳುವ ಈ ಪಾಠವನ್ನು ಕಾರ್ಖಾನೆ ಕಲಿಸಿದ್ದಲ್ಲ. ಅದಕ್ಕೂ ಮುಂಚೆ ಊರು ಕಲಿಸಿಟ್ಟಿತ್ತು.

ಮಹಾಭಾರತದ ಏಕಲವ್ಯ ಕೂಡ ಸಂತೋಷದಿಂದಲೇ ಬೆರಳು ಕೊಡುತ್ತಾನೆ. ಇಡೀ ಕಥೆ ನಿಂತಿರುವುದು ಆ 'ಕೊಟ್ಟ' ಎಂಬ ಪದದ ಮೇಲೆ. ನಾವು ದ್ರೋಣನನ್ನು ಬೈದೆವು, ಏಕಲವ್ಯನನ್ನು ಹೊಗಳಿದೆವು, ಕ್ರಿಯಾಪದವನ್ನು ಮಾತ್ರ ಮುಟ್ಟಲಿಲ್ಲ. ಕುವೆಂಪು ತಮ್ಮ ನಾಟಕಕ್ಕೆ 'ಬೆರಳ್‌ಗೆ ಕೊರಳ್' ಎಂದು ಹೆಸರಿಟ್ಟರು. ಲೆಕ್ಕ ಕೇಳುವ ಹೆಸರು ಅದು. ಆದರೆ ವಸೂಲಿ ಮಾಡುವ ಕೆಲಸವನ್ನು ಕರ್ಮಕ್ಕೆ ಬಿಟ್ಟ ಲೆಕ್ಕ.

ಆ ಪದವನ್ನು ಅನುಮಾನದಿಂದ ಓದಿದ ಒಂದು ಪಠ್ಯ ನನಗೆ ಸಿಕ್ಕಿದ್ದು 2003ರಲ್ಲಿ, ಯೂನಿಯನ್ ಆಫೀಸಿನ ಕಪಾಟಿನಲ್ಲಿ. 1923ರ ಕಾರ್ಮಿಕರ ಪರಿಹಾರ ಕಾಯಿದೆ. ಅದರ 17ನೇ ಸೆಕ್ಷನ್ನು, ಕೆಲಸಗಾರ ತನ್ನ ಪರಿಹಾರದ ಹಕ್ಕನ್ನು ಬಿಟ್ಟುಕೊಟ್ಟಂತೆ ಮಾಡಿಕೊಂಡ ಕರಾರು ಅಷ್ಟರ ಮಟ್ಟಿಗೆ ಅಸಿಂಧು ಅನ್ನುತ್ತಿತ್ತು. ಸ್ವಇಚ್ಛೆಯೋ ಬಲವಂತವೋ ಎಂದು ಕೇಳುವುದೇ ಇಲ್ಲ! ರಾಜಿಯಾದರೆ ಅದು ಕಮಿಷನರ ಮುಂದೆ ನೋಂದಣಿಯಾಗಬೇಕು ಅಂತ 28ನೇದು. ಕಂಟ್ರಾಕ್ಟರನ ಆಳಿಗೆ ಪೆಟ್ಟಾದರೆ ಮೂಲ ಮಾಲೀಕನೂ ಕೊಡಬೇಕು ಅಂತ 12ನೇದು. ಬ್ರಿಟಿಷರು ನಮ್ಮ ಮೇಲಿನ ಅಕ್ಕರೆಯಿಂದ ಬರೆದದ್ದೇನೂ ಅಲ್ಲ. ಆದರೂ ಒಬ್ಬ ವಿಮರ್ಶಕನಾಗಿ ಹೇಳುತ್ತೇನೆ, ಏಕಲವ್ಯನ ಬಗ್ಗೆ ನಾನು ಬರೆದದ್ದಕ್ಕಿಂತ ಅದು ಒಳ್ಳೆಯ ಓದು.

ಅದೇ ಕಾಯಿದೆಯ ಕೊನೆಗೊಂದು ಪಟ್ಟಿ. ಹೆಬ್ಬೆರಳಿಗೆ ಶೇ. 30, ತೋರುಬೆರಳಿಗೆ 14, ಒಂದು ಕಣ್ಣಿಗೆ 40. ಸಂತೆಯ ದರಪಟ್ಟಿಯ ಹಾಗೆ. ಇಲ್ಲಿ ಕಾಯಿದೆಯೂ ಎಡವುತ್ತದೆ, ಮೈಯನ್ನು ದುಡಿಮೆಯಿಂದ ಬೇರೆ ಮಾಡಿ ತೂಗುತ್ತದೆ. ಕೈ ಕಳೆದುಕೊಂಡ ಒಬ್ಬ ಬಡಗಿಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1975ರಲ್ಲಿ ಇದನ್ನು ಗುರುತಿಸಿತು: ಒಂದೇ ಕೈಯಲ್ಲಿ ಬಡಗಿ ಕೆಲಸ ಆಗದು, ಆದ್ದರಿಂದ ನಷ್ಟ ಪೂರ್ತಿ ನೂರು. ಚಿಕ್ಕಪ್ಪನೂ ಆಮೇಲೆ ಪ್ರೆಸ್ಸಿನ ಕೆಲಸಕ್ಕೆ ಆಗಲಿಲ್ಲ, ವಾಚ್‌ಮನ್ ಆದ. 2025ರ ನವೆಂಬರಿನಲ್ಲಿ ಆ ಹಳೆಯ ಕಾಯಿದೆ ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಕರಗಿತು. ಹೆಬ್ಬೆರಳಿನ 30 ಮಾತ್ರ ಹಾಗೇ ಇದೆ.

ಮ್ಯಾನ್‌ಹೋಲಿಗೆ ಇಳಿದವರ ಕಥೆಯಲ್ಲಿ ಇನ್ನೊಂದು ಮಾತಿದೆ. 2014ರ ತೀರ್ಪು ಸತ್ತವರ ಮನೆಯವರಿಗೆ 10 ಲಕ್ಷ ಎಂದಿತು. 2023ರ ಅಕ್ಟೋಬರಿನ ತೀರ್ಪು ಸಾವಿಗೆ 30 ಲಕ್ಷ ಮಾಡಿ, ಶಾಶ್ವತವಾಗಿ ಊನವಾದವರಿಗೆ 20 ಲಕ್ಷಕ್ಕೆ ಕಡಿಮೆ ಇರಕೂಡದು ಎಂದಿತು. ಒಂಬತ್ತು ವರ್ಷ ಬೇಕಾಯಿತು, ಉಸಿರು ಉಳಿಸಿಕೊಂಡು ಮೇಲೆ ಬಂದವನು ಕಣ್ಣಿಗೆ ಬೀಳಲು. ನಮ್ಮ ಕಾವ್ಯಕ್ಕೆ ಇನ್ನೂ ಬಿದ್ದಿಲ್ಲ. ನಮಗೂ ಹೆಣವೇ ಬೇಕು. ಊನವಾದ ಕೈಯಲ್ಲಿ ಅನ್ನ ಕಲಸುವವನು ಶೋಕಗೀತೆಗೆ ಒಗ್ಗುವುದಿಲ್ಲ.

2003ರಲ್ಲೇ ಆ ಸೆಕ್ಷನ್ನನ್ನು ಚಿಕ್ಕಪ್ಪನಿಗೆ ಓದಿ ಹೇಳಿದೆ. ಅರ್ಜಿಗೆ ಇದ್ದ ಎರಡು ವರ್ಷದ ಗಡುವು ಎಂದೋ ದಾಟಿತ್ತು. ಸರಿಯಾದ ಕಾರಣವಿದ್ದರೆ ತಡವನ್ನು ಕಮಿಷನರು ಮನ್ನಿಸಬಹುದಿತ್ತು, ಆದರೆ ಶೆಡ್ಡೇ ಇರಲಿಲ್ಲ, ಕಾಗದದ ನಕಲನ್ನೂ ಇವನಿಗೆ ಕೊಟ್ಟಿರಲಿಲ್ಲ. ಅವನು ಸುಮಾರು ಹೊತ್ತು ಎಡಗೈ ಹೆಬ್ಬೆಟ್ಟನ್ನೇ ನೋಡಿಕೊಂಡು ಕೂತಿದ್ದ.

'ಹಂಗಾರೆ ನಾನು ಒತ್ತಿದ್ದು ಆವತ್ತೇ ಬಿದ್ದೋಗಿತ್ತೇನ್ಲಾ?' ಅಂದ.